ಪಡಸಾಲೆಗೆ ಬಾರದ ವೈಫೈ

ಇಳಕಲ್ಲಿನಲ್ಲಿ ವೈಫೈ ಬರದಿದ್ದರೆ ಮೊದಲ ಆರೋಪಿ ಗೋಡೆ. ಅದು ಕಲ್ಲಿನ ಊರು. ಹಳೇ ಮನೆಗಳ ಗೋಡೆ ಎರಡಡಿಗೆ ಕಡಿಮೆ ಇರುವುದಿಲ್ಲ. ಬಾದಾಮಿಯವರನ್ನು ಕೇಳಿದರೆ ಅವರು ಗುಡ್ಡದ ಕಡೆ ಕೈ ತೋರಿಸುತ್ತಾರೆ. ಬಾಗಲಕೋಟೆಯ ನವನಗರದಲ್ಲಿ ಕಲ್ಲಿನ ನೆಪ ನಡೆಯುವುದಿಲ್ಲ. ಅಲ್ಲಿ ತಪ್ಪು ಟವರಿನದು, ಇಲ್ಲವೇ ಕರೆಂಟಿನದು. ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ ಎಂದು ಗೊತ್ತಾದರೆ ಮಾತ್ರ ಎಲ್ಲ ಊರಿನವರೂ ಒಂದೇ ಮಾತಿಗೆ ಬರುತ್ತಾರೆ: "ಅದನ್ನ ತಗದು ವಿಂಡೋಸ್ ಹಾಕ್ರಿ."

ಆ ಸಲಹೆ ಈಗ ಮೊದಲಿನಷ್ಟು ಸಲೀಸಲ್ಲ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿಪಿಎಂ 2.0 ಚಿಪ್ಪು, ಹೊಸ ತಲೆಮಾರಿನ ಪ್ರೊಸೆಸರ್ ಇಲ್ಲದ ಯಂತ್ರವನ್ನು ವಿಂಡೋಸ್ 11 ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹತ್ತು ವರ್ಷದ ಹಿಂದಿನ, ಇನ್ನೂ ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪುಗಳು ಹೀಗೆ ಅಗ್ಗದ ಬೆಲೆಗೆ ಕೈ ಬದಲಾಯಿಸುತ್ತಿವೆ. ಅಂಥದ್ದೊಂದನ್ನು ನನ್ನ ತಂಗಿಯ ಮಗಳು ತಗೊಂಡಳು. ಅವಳ ಓದು ಹುನಗುಂದದಲ್ಲಿ, ಮನೆ ಇಳಕಲ್ಲಿನಲ್ಲಿ. ಆ ಯಂತ್ರಕ್ಕೆ ಲಿನಕ್ಸಿನ ಒಂದು ರೂಪವಾದ ಉಬುಂಟು ಹಾಕಿಕೊಟ್ಟವನು ನಾನೇ. ಹಾಗಾಗಿ ದೂರು ಬಂದದ್ದೂ ನನಗೇ.

"ಮಾಮಾ, ರೌಟರ್ ಮಗ್ಗಲದಾಗ ಕುಂತ್ರ ಛಲೋ ಬರ್ತೈತಿ. ಪಡಸಾಲಿಗೆ ಬಂದ್ರ ಸಾಕು, ಹೋಗಿಬಿಡ್ತೈತಿ."

ಕೇಬಲ್ ಒಳಬರುವ ಜಾಗ ಮಗ್ಗದ ಕೋಣೆಯಾದ್ದರಿಂದ ರೌಟರ್ ಅಲ್ಲೇ ಗೂಡಿನಲ್ಲಿ ಕೂತಿದೆ. ಪಡಸಾಲೆಗೂ ಅದಕ್ಕೂ ನಡುವೆ ಒಂದೇ ಗೋಡೆ. "ಗ್ವಾಡಿ ದಪ್ಪ ಅದಾವ, ಏನ್ ಮಾಡೂದು?" ಅಂದಳು ತಂಗಿ. ಬಾಗಲಕೋಟೆಯಲ್ಲಿ ತೋರಿಸಿದ ರಿಪೇರಿ ಅಂಗಡಿಯವರು ವೈಫೈ ಕಾರ್ಡೇ ಹೋಗಿದೆ, ಯುಎಸ್‌ಬಿ ಡಾಂಗಲ್ ಹಾಕಿಸಿ ಅಂದರು. ಹುನಗುಂದದ ಒಬ್ಬ ನಿವೃತ್ತ ಮೇಷ್ಟ್ರು ಮಾತ್ರ ಬೇರೆ ಮಾತು ಹೇಳಿದರು. ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಿಗಾಗಿ 2011ರಲ್ಲಿ ಶುರುವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಉಬುಂಟು ಕಲಿತವರು ಅವರು. "ಲಾಗ್ ನೋಡಿದ್ರೇನ್ರಿ?" ಎಂದು ಕೇಳಿದರು. ಯಾರೂ ನೋಡಿರಲಿಲ್ಲ.

ಲಾಗ್ ಅಂದರೆ ಯಂತ್ರ ತಾನೇ ಬರೆದಿಟ್ಟುಕೊಳ್ಳುವ ದಿನಚರಿ. ವಿಂಡೋಸಿನಲ್ಲೂ ಇದೆ, ಆದರೆ ಲಿನಕ್ಸಿನಲ್ಲಿ ಆ ದಿನಚರಿಯ ಪ್ರತಿ ಸಾಲನ್ನು ಯಾಕೆ ಬರೆಯಲಾಯಿತು ಎಂದು ಮೂಲಸಂಕೇತಕ್ಕೇ ಹೋಗಿ ನೋಡಬಹುದು. ಆ ಸಂಕೇತವನ್ನು ಯಾರು, ಯಾವತ್ತು, ಯಾವ ಕಾರಣಕ್ಕೆ ಸೇರಿಸಿದರು ಎಂಬುದೂ ಸಿಗುತ್ತದೆ. ಶಾಸನ ಓದುವವರ ಬೆನ್ನು ಹತ್ತಿ ಬಾದಾಮಿ, ಐಹೊಳೆ ತಿರುಗಿದ ನನಗೆ ಇದಕ್ಕಿಂತ ಹೆಚ್ಚಿನ ಆಮಿಷ ಬೇಕಿರಲಿಲ್ಲ. ಇಳಕಲ್ಲಿನ ಬಸ್ಸು ಹತ್ತಿದೆ.

ಮೊದಲು ಗೋಡೆಯ ವಿಚಾರಣೆ. ಪಡಸಾಲೆಯ ಕಂಬದ ಹತ್ತಿರ ಲ್ಯಾಪ್‌ಟಾಪ್ ಇಟ್ಟು, ಅದರ ಮೇಲೇ ಮೊಬೈಲ್ ಇಟ್ಟೆ. ಎರಡಕ್ಕೂ ರೌಟರಿನಿಂದ ಒಂದೇ ದೂರ, ನಡುವೆ ಅದೇ ಗೋಡೆ. ಮೊಬೈಲಿನಲ್ಲಿ ಹುಡುಗಿ ವಿಡಿಯೊ ನೋಡುತ್ತಿದ್ದಳು. ಲ್ಯಾಪ್‌ಟಾಪಿನ ಸಿಗ್ನಲ್ ಮಾತ್ರ ಮೈನಸ್ 82 ಡಿಬಿಎಂ ಆಸುಪಾಸಿನಲ್ಲಿ ಏದುಸಿರು ಬಿಡುತ್ತಿತ್ತು. ಈ ಲೆಕ್ಕದಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು; ಮೈನಸ್ 67ರವರೆಗೆ ಕೆಲಸ ಸಲೀಸು, 80 ದಾಟಿದರೆ ಕಷ್ಟ. ಪ್ರತಿ 10ಕ್ಕೆ ಶಕ್ತಿ ಹತ್ತು ಪಟ್ಟು ಏರುಪೇರಾಗುತ್ತದೆ. ಗೋಡೆ ಸಿಗ್ನಲ್ ತಿನ್ನುವುದು ಸುಳ್ಳಲ್ಲ, ಆದರೆ ಮೊಬೈಲಿಗೆ ಒಂದು ನ್ಯಾಯ, ಲ್ಯಾಪ್‌ಟಾಪಿಗೆ ಒಂದು ನ್ಯಾಯ ಮಾಡುವಷ್ಟು ಬುದ್ಧಿ ಅದಕ್ಕಿಲ್ಲ. ಗೋಡೆ ಬಿಡುಗಡೆಯಾಯಿತು.

ಆಮೇಲೆ ದಾಖಲೆ. ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಎಂದು ಕೇಳಿದರೆ ಒಳಗಿರುವ ಕಾರ್ಡುಗಳ ಹೆಸರು ಹೇಳುತ್ತದೆ. ಜೊತೆಗೆ ಅಡ್ಡಗೆರೆ ಹಾಕಿ ಎನ್‌ಎನ್‌ಕೆ ಸೇರಿಸಿದರೆ ಕಾರ್ಡಿನ ಗುರುತಿನ ಸಂಖ್ಯೆ, ಅದನ್ನು ನಡೆಸುತ್ತಿರುವ ಡ್ರೈವರ್ ಕೂಡ ಬರುತ್ತದೆ. ಇದು ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್8723ಬಿಇ. 2.4 ಗಿಗಾಹರ್ಟ್ಸಿನಲ್ಲಿ ಮಾತ್ರ ಮಾತಾಡುವ, ವೈಫೈ ಬ್ಲೂಟೂತ್ ಎರಡನ್ನೂ ಒಂದೇ ತುಣುಕಿನಲ್ಲಿ ಇಟ್ಟುಕೊಂಡಿರುವ ಸಾದಾ ಕಾರ್ಡು. ಡ್ರೈವರ್ ಹೆಸರೂ ಅದೇ. ಆರ್‌ಎಫ್‌ಕಿಲ್ ಕೇಳಿದೆ: ಸ್ವಿಚ್ಚು ಬಂದಾಗಿಲ್ಲ. ಕಾರ್ಡು ಸತ್ತಿಲ್ಲ, ಡ್ರೈವರ್ ಇದೆ, ತಡೆ ಇಲ್ಲ.

ಇನ್ನುಳಿದದ್ದು ದಿನಚರಿ. ಡಿಮೆಸೇಜ್ ಎಂಬ ಆಜ್ಞೆ ಕೊಡುವ ಸಾಲುಗಳ ಮುಂದೆ ಚೌಕ ಕಂಸದಲ್ಲಿ ಒಂದು ಸಂಖ್ಯೆ ಇರುತ್ತದೆ. ಅದು ಗಡಿಯಾರದ ಹೊತ್ತಲ್ಲ, ಯಂತ್ರ ಎದ್ದ ಗಳಿಗೆಯಿಂದ ಕಳೆದ ಸೆಕೆಂಡು. ಬಾದಾಮಿಯ ಮೂರನೇ ಗುಹೆಯ ಮಂಗಲೇಶನ ಶಾಸನ ಚಾಲುಕ್ಯ ದೊರೆ ಕೀರ್ತಿವರ್ಮನ ಆಳ್ವಿಕೆಯ 12ನೇ ವರ್ಷ ಎಂದಷ್ಟೇ ಹೇಳಿ ಬಿಟ್ಟಿದ್ದರೆ ನಾವು ಇವತ್ತಿಗೂ ಜಗಳಾಡುತ್ತಿದ್ದೆವು. ಶಕ 500 ಎಂದೂ ಸೇರಿಸಿದ್ದರಿಂದ ಕ್ರಿ.ಶ. 578 ಎಂದು ಖಚಿತವಾಯಿತು. ಡಿಮೆಸೇಜ್ ಆಳ್ವಿಕೆಯ ವರ್ಷ ಕೊಡುತ್ತದೆ, ಜರ್ನಲ್‌ಸಿಟಿಎಲ್ ಎಂಬ ಇನ್ನೊಂದು ಆಜ್ಞೆ ಶಕವರ್ಷ ಕೊಡುತ್ತದೆ. ಹಿಂದಿನ ಸಲ ಯಂತ್ರ ಚಾಲೂ ಇದ್ದಾಗಿನ ದಾಖಲೆಯನ್ನೂ ಅದು ತೆಗೆದುಕೊಡುತ್ತದೆ. ಹುಡುಗಿ ಪಡಸಾಲೆಗೆ ಬಂದ ಹೊತ್ತು ಅವಳಿಗೆ ನೆನಪಿತ್ತು. ಆ ಹೊತ್ತಿನ ಸಾಲುಗಳನ್ನು ತೆಗೆದೆವು.

ಅಲ್ಲಿ ಒಂದೇ ಮಾತು ಮತ್ತೆ ಮತ್ತೆ ಬಂದಿತ್ತು. ಎಪಿ ಆಫ್ ಆಗಿದೆ, ಮತ್ತೆ ಸಂಪರ್ಕಕ್ಕೆ ಪ್ರಯತ್ನಿಸುತ್ತಿದ್ದೇನೆ ಎಂಬ ಅರ್ಥದ ಸಾಲು. ಎಪಿ ಅಂದರೆ ಆ್ಯಕ್ಸೆಸ್ ಪಾಯಿಂಟ್, ನಮ್ಮ ರೌಟರ್. ಲ್ಯಾಪ್‌ಟಾಪಿನ ಹೇಳಿಕೆ ಸ್ಪಷ್ಟ: ನನ್ನದೇನೂ ತಪ್ಪಿಲ್ಲ, ರೌಟರೇ ಮಲಗಿತ್ತು.

ಒಬ್ಬನ ಹೇಳಿಕೆ ನಂಬಿ ತೀರ್ಪು ಕೊಡಬಾರದು. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ ತನ್ನ ದೊರೆ ಪುಲಕೇಶಿಯ ಬಗ್ಗೆ ಬರೆದದ್ದನ್ನೆಲ್ಲ ಇತಿಹಾಸಕಾರರು ಅಕ್ಷರಶಃ ಒಪ್ಪುವುದಿಲ್ಲ, ಎದುರು ಪಕ್ಷದ ದಾಖಲೆಯನ್ನೂ ಕೇಳುತ್ತಾರೆ. ರೌಟರಿನ ಪುಟ ತೆರೆದೆ. ಅದರ ಗಡಿಯಾರವೇನೋ ಕೆಟ್ಟು 1970ರ ಜನವರಿಯಲ್ಲೇ ನಿಂತಿತ್ತು. ಆದರೆ ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದೇನೆ ಎಂಬ ಲೆಕ್ಕ ಸರಿಯಾಗಿತ್ತು. ಇನ್ವರ್ಟರಿನ ಪುಣ್ಯ, ದಿನಗಟ್ಟಲೆ ಅದು ಒಮ್ಮೆಯೂ ಕಣ್ಣು ಮುಚ್ಚಿರಲಿಲ್ಲ. ಅಂದಮೇಲೆ ಲ್ಯಾಪ್‌ಟಾಪಿನ ದಾಖಲೆ ಸುಳ್ಳು ಹೇಳುತ್ತಿತ್ತೇ?

ಉತ್ತರ ಡ್ರೈವರಿನ ಮೂಲಸಂಕೇತದಲ್ಲಿತ್ತು. ರಿಯಲ್‌ಟೆಕ್ ಕಾರ್ಡುಗಳ ಈ ಕುಟುಂಬಕ್ಕೆಲ್ಲ ಸಮಾನವಾದ ಕಡತದಲ್ಲಿ ಒಂದು ಕಾವಲುಗಾರನ ಕೆಲಸವಿದೆ. ಎರಡು ಸೆಕೆಂಡಿಗೊಮ್ಮೆ ಅದು ಎದ್ದು, ಈ ಅವಧಿಯಲ್ಲಿ ರೌಟರಿನಿಂದ ಏನಾದರೂ ಕೇಳಿಸಿತೇ ಎಂದು ಎಣಿಸುತ್ತದೆ. ಸತತ ಐದು ಸಲ ಏನೂ ಕೇಳಿಸದಿದ್ದರೆ ಎಪಿ ಆಫ್ ಎಂದು ಬರೆದು ಸಂಪರ್ಕ ಕಡಿದುಕೊಳ್ಳುತ್ತದೆ. ಹಾಗಾದರೆ ಆ ಸಾಲಿನ ನಿಜವಾದ ಅರ್ಥ ಇಷ್ಟೇ: ಹತ್ತು ಸೆಕೆಂಡಿನಿಂದ ನನಗೇನೂ ಕೇಳಿಸುತ್ತಿಲ್ಲ. ಕಿವುಡ ಎದುರಿನವನನ್ನು ಮೂಗ ಎಂದ ಹಾಗಾಯಿತು. ಇಲ್ಲಿಂದ ಹುಡುಕಾಟದ ದಿಕ್ಕು ಬದಲಾಯಿತು. ಸಂಪರ್ಕ ಯಾಕೆ ಕಡಿಯುತ್ತದೆ ಎಂಬ ಪ್ರಶ್ನೆ ಬಿಟ್ಟು, ಇದಕ್ಕೆ ಕಿವಿ ಯಾಕೆ ಮಂದವಾಗಿದೆ ಎಂದು ಕೇಳಬೇಕಾಯಿತು. ಹತ್ತಿರದ ಸಾಕ್ಷಿಯೂ ಇತ್ತು: ಮೊಬೈಲಿಗೆ ಓಣಿಯ ಎಲ್ಲ ಮನೆಗಳ ವೈಫೈ ಹೆಸರು ಕಾಣುತ್ತಿತ್ತು, ಲ್ಯಾಪ್‌ಟಾಪಿಗೆ ನಮ್ಮ ಮನೆಯದೊಂದೇ.

ಇಂಥ ಲಕ್ಷಣಕ್ಕೆ ಸಿಗುವ ಸಿದ್ಧ ಸಲಹೆಗಳು ಬಹಳ. ವಿದ್ಯುತ್ ಉಳಿತಾಯ ಬಂದ್ ಮಾಡಿ ಎಂಬುದು ಅವುಗಳಲ್ಲಿ ಹೆಸರುವಾಸಿ. ಉಬುಂಟುವಿನಲ್ಲಿ ನೆಟ್‌ವರ್ಕ್ ಮ್ಯಾನೇಜರಿನ ಒಂದು ಪುಟ್ಟ ಕಡತದಲ್ಲಿ ವೈಫೈ ಪವರ್‌ಸೇವ್ 3 ಎಂದಿರುತ್ತದೆ, ಅಂದರೆ ಚಾಲೂ. ಅದನ್ನು 2 ಮಾಡಿದರೆ ಬಂದ್. ನಿಂತು ನಿಂತು ಬರುವ ವೈಫೈಗೆ ಇದು ಒಳ್ಳೆಯ ಮದ್ದು. ಆದರೆ ನಿದ್ದೆಯ ಕಾಯಿಲೆಗೆ ಕೊಡುವ ಮದ್ದು ಕಿವುಡಿಗೆ ಕೆಲಸ ಮಾಡಲಾರದು. ಹಾಕಿ ನೋಡಿದೆವು, ಮೈನಸ್ 82 ಕದಲಲಿಲ್ಲ.

ಆಗ ತೆರೆದದ್ದು ಲಿನಕ್ಸಿನ ತಿರುಳಾದ ಕರ್ನಲ್ಲಿನ ಬದಲಾವಣೆಗಳ ಇತಿಹಾಸ. ಅದನ್ನು ದಾಖಲಿಸುವ ಈಗಿನ ಗಿಟ್ ಕಡತ 2005ರ ಏಪ್ರಿಲಿನಿಂದ ಶುರುವಾಗುತ್ತದೆ. ಅಲ್ಲಿಂದೀಚೆಗೆ ಪ್ರತಿ ತಿದ್ದುಪಡಿಗೂ ಬರೆದವರ ಹೆಸರು, ತಾರೀಕು, ಕಾರಣ, ಒಪ್ಪಿದವರ ಸಹಿ ಇದೆ. ನಮ್ಮ ತಾಲ್ಲೂಕು ಕಚೇರಿಯ ಯಾವ ರೆಕಾರ್ಡ್ ರೂಮೂ ಇಷ್ಟು ಶಿಸ್ತಾಗಿರುವುದನ್ನು ನಾನು ಕಂಡಿಲ್ಲ. ನಮ್ಮ ಡ್ರೈವರಿನ ಹೆಸರು ಹಾಕಿ ಹಿಂದಕ್ಕೆ ಹೋಗುತ್ತ ಹೋಗುತ್ತ 2016ರಲ್ಲಿ ಬೇಕಾದದ್ದು ಸಿಕ್ಕಿತು.

ಆ ವರ್ಷದ ಟಿಪ್ಪಣಿಯ ಸಾರ ಹೀಗಿದೆ. ಕೆಲವು ಹೊಸ ಲ್ಯಾಪ್‌ಟಾಪುಗಳು ಒಂದೇ ಆಂಟೆನಾ ಇಟ್ಟುಕೊಂಡು ಮಾರುಕಟ್ಟೆಗೆ ಬಂದಿವೆ. ಅದು ತಪ್ಪಲ್ಲ. ಆದರೆ ಕಾರ್ಡಿನ ಮೇಲೆ ಎರಡು ಕನೆಕ್ಟರ್ ಇರುತ್ತವೆ. ಯಾವುದಕ್ಕೆ ಆಂಟೆನಾ ಸಿಕ್ಕಿಸಿದೆ ಎಂಬುದನ್ನು ಕಾರ್ಖಾನೆಯಲ್ಲಿ ಕಾರ್ಡಿನದೇ ಸ್ಮೃತಿಯಲ್ಲಿ ಬರೆದಿಡಬೇಕು. ಈ ಯಂತ್ರಗಳಲ್ಲಿ ತಂತಿ ಒಂದಕ್ಕೆ ಸಿಕ್ಕಿಸಿ, ಸ್ಮೃತಿಯಲ್ಲಿ ಇನ್ನೊಂದರ ಹೆಸರು ಬರೆದಿದ್ದಾರೆ. ಕೊಡ ಒಂದು ನಳದ ಕೆಳಗೆ, ತಿರುವಿದ್ದು ಇನ್ನೊಂದು ನಳ. ಪಕ್ಕದಿಂದ ಸಿಡಿದ ಹನಿಯಷ್ಟೇ ಕೊಡಕ್ಕೆ. ರೌಟರಿನ ಪಕ್ಕ ಕೂತಾಗ ಅಷ್ಟೂ ಇಷ್ಟೂ ಬರುತ್ತಿದ್ದುದು ಆ ಹನಿ.

ಲ್ಯಾಪ್‌ಟಾಪ್ ಬಿಚ್ಚಿ ತಂತಿಯನ್ನು ಆಚೆಯದಕ್ಕೆ ಸಿಕ್ಕಿಸಿದರಾಯಿತಲ್ಲ? ಟಿಪ್ಪಣಿ ಬರೆದವರು ಅದನ್ನೂ ಯೋಚಿಸಿದ್ದರು. ಬಿಚ್ಚಿದರೆ ಕೆಲವು ಕಡೆ ವಾರಂಟಿ ಹೋಗುತ್ತದೆ. ಅದೇ ಯಂತ್ರದಲ್ಲಿ ವಿಂಡೋಸನ್ನೂ ಇಟ್ಟುಕೊಂಡವರಿಗೆ ಅಲ್ಲಿ ವೈಫೈ ಕೆಡುತ್ತದೆ. ಹಾಗಾಗಿ ಬಿಚ್ಚುವ ಬದಲು ಡ್ರೈವರಿಗೇ ಹೇಳಿಕೊಡುವ ದಾರಿ ಮಾಡಿದರು. ಇಂಗ್ಲಿಷಿನಲ್ಲಿ ಎ-ಎನ್-ಟಿ, ಒಂದು ಅಡಿಗೆರೆ, ಎಸ್-ಇ-ಎಲ್ ಎಂದು ಬರೆಯುವ ಒಂದು ನಿಯತಾಂಕ. ಸೊನ್ನೆ ಇದ್ದರೆ ಕಾರ್ಡಿನ ಸ್ಮೃತಿ ಹೇಳಿದಂತೆ ನಡೆ; 1 ಅಥವಾ 2 ಇದ್ದರೆ ಸ್ಮೃತಿಯ ಮಾತು ಕೇಳಬೇಡ, ಆ ಸಂಖ್ಯೆಯ ಆಂಟೆನಾ ಹಿಡಿ. "ವಿಂಡೋಸಿನ್ಯಾಗ ಸರಿ ಬರ್ತಿತ್ತಲ್ಲ, ಲಿನಕ್ಸೇ ಕೆಟ್ಟದ್ದು" ಎಂಬ ವಾದಕ್ಕೂ ಇಲ್ಲಿ ಜವಾಬು ಸಿಕ್ಕಿತು. ತಯಾರಕರು ತಮ್ಮ ತಪ್ಪನ್ನು ಸರಿದೂಗಿಸಿಕೊಂಡದ್ದು ವಿಂಡೋಸಿಗೆ ಮಾತ್ರ. ಉಳಿದವರಿಗೆ ಹೇಳಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅರ್ಧ ಕಥೆಯಾಗುತ್ತಿತ್ತು. ಇದೇ ಮದ್ದನ್ನು ಹಾಕಿಯೂ ಗುಣವಾಗಲಿಲ್ಲ ಎಂದು ದೂರಿದವರು ಬಹಳ ಜನ. ಒಬ್ಬರು 1 ಅನ್ನುತ್ತಾರೆ, ಒಬ್ಬರು 2 ಅನ್ನುತ್ತಾರೆ, ಮತ್ತೊಬ್ಬರು ಎರಡೂ ವ್ಯರ್ಥ ಅನ್ನುತ್ತಾರೆ. ಕಡತದಲ್ಲಿ ಮುಂದಕ್ಕೆ ಬಂದಾಗ ಕಾರಣ ತಿಳಿಯಿತು. ವೈಫೈ, ಬ್ಲೂಟೂತ್ ಎರಡೂ ಒಂದೇ ಆಂಟೆನಾ ಹಂಚಿಕೊಂಡು ಬದುಕಬೇಕಾದ್ದರಿಂದ ಅವುಗಳ ಹೊಂದಾಣಿಕೆಗೇ ಪ್ರತ್ಯೇಕ ಸಂಕೇತವಿದೆ. 2017ರಲ್ಲಿ ಅದರಲ್ಲಿ ಬದಲಾವಣೆಗಳಾದಾಗ ಆಂಟೆನಾ ಆಯ್ಕೆ ಮತ್ತೆ ತಪ್ಪಿತು. ಕರ್ನಲ್ ಅಪ್‌ಡೇಟ್ ಆದ ಯಂತ್ರಗಳಲ್ಲಿ ವಾಸಿಯಾಗಿದ್ದ ಕಾಯಿಲೆ ಮರಳಿ ಬಂತು. 2018ರಲ್ಲಿ ಅದನ್ನು ತಿದ್ದಲಾಯಿತು. ಅಂದರೆ ಆ ದೂರುಗಳಲ್ಲಿ ಯಾವುದೂ ಸುಳ್ಳಾಗಿರಬೇಕಿಲ್ಲ, ಅವು ಬೇರೆ ಬೇರೆ ಕಾಲದವು. ಕರ್ನಲ್ಲಿನ ಸಂಖ್ಯೆ, ತಾರೀಕು ಇಲ್ಲದ ಸಲಹೆಯನ್ನು ನಾನು ಆವತ್ತಿನಿಂದ ಪಕ್ಕಕ್ಕಿಡುತ್ತೇನೆ.

ನಮ್ಮ ಯಂತ್ರದ ಕರ್ನಲ್ಲು 2018ಕ್ಕಿಂತ ಎಷ್ಟೋ ಈಚಿನದು. ಇಟಿಸಿ ಎಂಬ ಫೋಲ್ಡರಿನೊಳಗೆ ಮಾಡ್‌ಪ್ರೋಬ್.ಡಿ ಎಂಬ ಫೋಲ್ಡರಿದೆ. ಅಲ್ಲಿ ಹೊಸ ಕಡತ ಮಾಡಿ ಒಂದೇ ಸಾಲು ಬರೆದೆವು: ಆಪ್ಷನ್ಸ್, ಡ್ರೈವರಿನ ಹೆಸರು, ನಿಯತಾಂಕ ಸಮ 1. ಯಂತ್ರ ಮತ್ತೆ ಎದ್ದಿತು, ಏನೂ ಬದಲಾಗಿರಲಿಲ್ಲ. 1 ಅಳಿಸಿ 2 ಬರೆದೆವು. ಈ ಸಲ ವೈಫೈ ಪಟ್ಟಿ ತೆರೆದಾಗ ಓಣಿಯ ಹೆಸರುಗಳೆಲ್ಲ ಒಂದರ ಕೆಳಗೊಂದು ಬಂದು ನಿಂತವು. ಸಿಗ್ನಲ್ ಮೈನಸ್ 50ರ ಹತ್ತಿರ. 32 ಡೆಸಿಬಲ್ ಅಂದರೆ ಒಂದೂವರೆ ಸಾವಿರ ಪಟ್ಟು ಹೆಚ್ಚು ಶಕ್ತಿ, ಅದೇ ಗೋಡೆಯ ಈಚೆ.

"ಮಾಮಾ, ಪಕ್ಕದ ಮನಿಯವ್ರದೂ ಕಾಣಾಕತ್ತೈತಿ!" ಅಂದಳು ಹುಡುಗಿ. ತಂಗಿ ಗೋಡೆಯ ಬಗ್ಗೆ ತನ್ನ ಅಭಿಪ್ರಾಯ ಬದಲಾಯಿಸಿಲ್ಲ.

ಆ 2016ರ ತಿದ್ದುಪಡಿಯನ್ನೂ 2018ರದನ್ನೂ ಬರೆದ ಕೈ ಒಂದೇ: ಲ್ಯಾರಿ ಫಿಂಗರ್. ಅಮೆರಿಕದವರು. 2005ರಲ್ಲಿ, ಲಿನಕ್ಸಿನಲ್ಲಿ ವೈಫೈ ಅಂದರೆ ಹರಕೆ ಹೊರಬೇಕಾಗಿದ್ದ ಕಾಲದಲ್ಲಿ, ಈ ಕೆಲಸಕ್ಕೆ ಇಳಿದರು. ಆಗ ಬ್ರಾಡ್‌ಕಾಮ್ ಕಂಪನಿಯ ಕಾರ್ಡುಗಳ ಒಳವಿವರ ಹೊರಗೆ ಸಿಗುತ್ತಿರಲಿಲ್ಲ. ಒಂದು ಗುಂಪು ಕಂಪನಿಯದೇ ಡ್ರೈವರನ್ನು ಬಿಡಿಸಿ ನೋಡಿ ವಿವರಣೆ ಬರೆಯುವುದು, ಇನ್ನೊಂದು ಗುಂಪು ಆ ವಿವರಣೆಯನ್ನಷ್ಟೇ ಓದಿ ಡ್ರೈವರ್ ಬರೆಯುವುದು, ಹೀಗೆ ಕಾನೂನಿಗೂ ತೊಡಕಾಗದಂತೆ ಆ ಡ್ರೈವರ್ ಹುಟ್ಟಿತು. 2006ರಲ್ಲಿ ಕರ್ನಲ್ಲಿಗೆ ಸೇರಿತು. ಆ ಬಳಗದಲ್ಲಿದ್ದ ಫಿಂಗರ್ ಆಮೇಲೆ ರಿಯಲ್‌ಟೆಕ್ ಕಾರ್ಡುಗಳ ಬೆನ್ನು ಹತ್ತಿದರು. ಕರ್ನಲ್ಲಿನಲ್ಲಿ ಅವರ ಹೆಸರಿನ ತಿದ್ದುಪಡಿಗಳು 1,500ಕ್ಕೂ ಹೆಚ್ಚು. 2024ರ ಜೂನ್ 21ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ಬಾದಾಮಿಯಲ್ಲಿ ಇನ್ನೊಂದು ಪ್ರಕರಣ ಸಿಕ್ಕಿತು; ಅದು ಬೇಗ ಮುಗಿಯಿತು, ಆದರೆ ಅದರ ದಾಖಲೆ ಸ್ವಾರಸ್ಯದ್ದು. ಪರಿಚಯದವರೊಬ್ಬರ ಲ್ಯಾಪ್‌ಟಾಪಿಗೆ ಅವರ ಮನೆಯ ವೈಫೈ ಒಂದನ್ನು ಬಿಟ್ಟು ಉಳಿದವರದೆಲ್ಲ ಕಾಣುತ್ತಿತ್ತು. ಗುಡ್ಡ ಅಷ್ಟು ಆಯ್ದು ಸೇಡು ತೀರಿಸಿಕೊಳ್ಳುವುದಿಲ್ಲ. ಐಡಬ್ಲ್ಯೂ ಎಂಬ ಆಜ್ಞೆ ಕೊಟ್ಟು ಕಾರ್ಡಿನ ಚಾನೆಲ್ ಪಟ್ಟಿ ತೆಗೆದರೆ 12 ಮತ್ತು 13ರ ಮುಂದೆ ನಿಷಿದ್ಧ ಎಂದಿತ್ತು. ರೌಟರ್ ತಾನಾಗಿಯೇ 13ನ್ನು ಆರಿಸಿಕೊಂಡು ಕೂತಿತ್ತು. ಭಾರತದಲ್ಲಿ 2005ರ ಅಧಿಸೂಚನೆಯಿಂದ 2400ರಿಂದ 2483.5 ಮೆಗಾಹರ್ಟ್ಸ್ ತನಕ ಲೈಸೆನ್ಸ್ ಬೇಕಿಲ್ಲ; 13ನೇ ಚಾನೆಲ್ ಅದರೊಳಗೇ ಬರುತ್ತದೆ. ಕಾರ್ಡಿನ ಸ್ಮೃತಿಯಲ್ಲಿ ಮಾತ್ರ ಅಮೆರಿಕದ ಸಂಕೇತವಿತ್ತು. ಭಾರತ ಎಂದು ನಾವು ಎಷ್ಟೇ ಹೇಳಿದರೂ, ಕಾರ್ಡಿನ ನಿಯಮ, ನಾವು ಹೇಳಿದ ದೇಶದ ನಿಯಮ ಎರಡೂ ಒಪ್ಪಿದ ಚಾನೆಲ್ಲನ್ನಷ್ಟೇ ಕರ್ನಲ್ ತೆರೆಯಿತು. ರೌಟರನ್ನು 6ಕ್ಕೆ ಇಳಿಸಿದೆವು, ಮುಗಿಯಿತು.

ದೇಶ ದೇಶದ ಈ ನಿಯಮಗಳ ಪಟ್ಟಿ ಒಂದು ಕಡತದಲ್ಲಿದೆ. ಯಾರೂ ತಿದ್ದಿ ಮೋಸ ಮಾಡದಂತೆ ಅದಕ್ಕೆ ಡಿಜಿಟಲ್ ಸಹಿ ಬಿದ್ದಿರುತ್ತದೆ. ವೈಫೈ ಇರುವ ಲಿನಕ್ಸ್ ಯಂತ್ರ ಏಳುವಾಗ ಬರೆಯುವ ದಿನಚರಿಯಲ್ಲಿ ಎಸ್-ಫೋರ್ಷೀ ಎಂಬ ಹೆಸರು ಕಾಣುವುದು ಅದಕ್ಕೇ: ಬಹುಕಾಲ ಆ ಪಟ್ಟಿ ಕಾಯ್ದುಕೊಂಡು ಬಂದ ಸೇಥ್ ಫೋರ್ಷೀ ಅವರ ಸಹಿಯನ್ನು ಪರೀಕ್ಷಿಸುವ ಪ್ರಮಾಣಪತ್ರ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರನ್ನು ಓದಿ ಬಂದವರು ಅದೇ ಸಂಜೆ ಮನೆಯಲ್ಲಿ ಈ ಹೆಸರನ್ನೂ ಹುಡುಕಿ ನೋಡಬಹುದು.

ಹುನಗುಂದದ ಮೇಷ್ಟ್ರು ಹೇಳಿದ ಒಂದು ಗುಟ್ಟನ್ನೂ ಸೇರಿಸಿಬಿಡುತ್ತೇನೆ. ಸಂಪರ್ಕ ಕಡಿದ ಸಾಲಿನ ಕೊನೆಗೆ ಕಾರಣಸಂಖ್ಯೆ ಇರುತ್ತದೆ. 4 ಇದ್ದರೆ ನೀನು ಸುಮ್ಮನಿದ್ದೆ, ಅದಕ್ಕೇ ಬಿಟ್ಟೆ ಎಂದು ರೌಟರ್ ಹೇಳಿದಂತೆ. 15 ಇದ್ದರೆ ಕೈಕುಲುಕುವ ಹಂತದಲ್ಲೇ ಮಾತು ನಿಂತಿತು, ಹೆಚ್ಚಿನಂಶ ಪಾಸ್‌ವರ್ಡ್ ತಪ್ಪು. ಅವರ ಬಳಿ ಬಂದ 15ರ ದೂರುಗಳಲ್ಲಿ ಕೆಲವಕ್ಕೆ ಕಾರಣ ಕನ್ನಡ ಕೀಲಿಮಣೆಯಂತೆ. ಕ-ಗ-ಪ ವಿನ್ಯಾಸ ಚಾಲೂ ಇಟ್ಟುಕೊಂಡೇ ಪಾಸ್‌ವರ್ಡ್ ಹೊಡೆಯುತ್ತಾರೆ, ಪರದೆಯ ಮೇಲೆ ಬರೀ ಚುಕ್ಕಿ ಕಾಣುವುದರಿಂದ ಗೊತ್ತಾಗುವುದಿಲ್ಲ.

ನಿಮ್ಮ ಹಳೇ ಲ್ಯಾಪ್‌ಟಾಪಿನಲ್ಲೂ ಇದೇ ಕಾರ್ಡಿದ್ದು, ರೌಟರಿನ ಪಕ್ಕ ಮಾತ್ರ ವೈಫೈ ಬರುತ್ತಿದ್ದರೆ ಆ ನಿಯತಾಂಕಕ್ಕೆ ಮೊದಲು 2 ಹಾಕಿ ನೋಡಿ, ಆಗದಿದ್ದರೆ 1. ಸ್ಕ್ರೂಡ್ರೈವರ್ ಮುಟ್ಟಬೇಡಿ. ಬೇರೆ ಕಾರ್ಡಾದರೆ ಯಾರನ್ನೇ ಕೇಳುವ ಮುಂಚೆ ಮೂರು ಸಂಗತಿ ಬರೆದಿಟ್ಟುಕೊಳ್ಳಿ: ಕಾರ್ಡಿನ ಹೆಸರು, ಕರ್ನಲ್ಲಿನ ಸಂಖ್ಯೆ, ಸಂಪರ್ಕ ಹೋದ ಹೊತ್ತಿನ ಲಾಗ್ ಸಾಲುಗಳು. ಪರದೆಯ ಫೋಟೊ ಹೊಡೆದು ಕಳಿಸಬೇಡಿ, ಅಕ್ಷರಗಳನ್ನೇ ಕಾಪಿ ಮಾಡಿ ಕಳಿಸಿ. ಫೋಟೊದಲ್ಲಿರುವುದನ್ನು ಕಡತದಲ್ಲಿ ಹುಡುಕಲು ಆಗುವುದಿಲ್ಲ.